ಕಲ್ಲು ಆರಿಸಿ ಅಕ್ಕಿ ಉಳಿಸಿಕೊಳ್ಳುವುದು: ಕ್ರೈಸ್ತರ ಆತ್ಮಪರೀಕ್ಷೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಲೆಂಟ್ ಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಒಂದು ಸಂಜೆ ಕೂಟದಲ್ಲಿ ಸಭೆಯ ಪಾಸ್ಟರ್ ಅಯ್ಯನವರು ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ನಿಮ್ಮ ಮನಸ್ಸಿಗೆ ಭಾರವಾಗಿರುವ ಪಾಪಗಳನ್ನು ಬರೆಯಿರಿ, ಯಾರೂ ಓದುವುದಿಲ್ಲ ಎಂದರು. ನಾನು ಬೇಗಬೇಗ ಬರೆದೆ. ಡಿಗ್ರಿ ಅರ್ಧಕ್ಕೇ ಬಿಟ್ಟೆ. ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡಿ ಅಂದರೆ ನಾಲಿಗೆ ಹೊರಳುವುದಿಲ್ಲ. ಜೊತೆಯವರ ಹಾಗೆ ಸ್ವಂತ ಮನೆ ಮಾಡಿಕೊಳ್ಳಲಾಗಲಿಲ್ಲ. ಹಾಡಲು ಬಾರದು, ಇಂಗ್ಲಿಷ್ ಬಾರದು. ಚೀಟಿ ತುಂಬಿತು. ಕೊನೆಗೆ ಎಲ್ಲವನ್ನೂ ಒಂದು ಬಾಣಲೆಗೆ ಹಾಕಿ ಸುಟ್ಟರು. ಮನೆಗೆ ನಡೆದು ಬರುವ ದಾರಿಯಲ್ಲಿ ಹೊಳೆಯಿತು, ನಾನು ಬರೆದದ್ದರಲ್ಲಿ ಒಂದೂ ಪಾಪವಲ್ಲ. ಅಪ್ಪನ ಮನೆಯ ಪಾಲಿನ ವಿಷಯಕ್ಕೆ ತಂಗಿಯ ಜೊತೆ ಮಾತು ಬಿಟ್ಟು ಆಗ ಎರಡು ವರ್ಷವಾಗಿತ್ತು. ಅದು ಚೀಟಿಯಲ್ಲಿ ಇರಲೇ ಇಲ್ಲ.

ಆಮೇಲೆ ಸಭೆಯ ಹೆಂಗಸರ ಕೂಟದಲ್ಲಿ ಈ ವಿಷಯ ಹೇಳಿಕೊಂಡಾಗ ಎಷ್ಟೋ ಜನ ತಲೆಯಾಡಿಸಿದರು. ನಮ್ಮಲ್ಲಿ ಹೆಚ್ಚಿನವರು ಪಶ್ಚಾತ್ತಾಪ ಪಡಬೇಕಾದ ಕಡೆ "ನಾನಿರೋದೇ ಹೀಗೆ" ಅಂದುಬಿಡುತ್ತೇವೆ, ದೇವರು ಕೊಟ್ಟದ್ದನ್ನು ಒಪ್ಪಿಕೊಳ್ಳಬೇಕಾದ ಕಡೆ ಅಪರಾಧಿಗಳ ಹಾಗೆ ತಲೆ ತಗ್ಗಿಸುತ್ತೇವೆ. ಇವೆರಡನ್ನು ಬೇರೆ ಬೇರೆ ಮಾಡಲು ಕಲಿಯುವುದೇ ಆತ್ಮಪರೀಕ್ಷೆ ಎಂಬುದು ಈ ವರ್ಷಗಳಲ್ಲಿ ನನಗೆ ತಿಳಿದ ಮಾತು. ಹಾಗೆ ಬೇರೆ ಮಾಡದೆ ತೃಪ್ತಿಯನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ. ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು, ಈ ದಾರಿಯಲ್ಲಿ ಎಡವಿದ ಇಬ್ಬರು

ನಮ್ಮ ಕನ್ನಡ ಬೈಬಲಿನಲ್ಲಿ ಒಂದು ವಿಶೇಷವಿದೆ. ದೇವರೇ, ನನ್ನನ್ನು ಶೋಧಿಸು ಎಂದು ಕೀರ್ತನೆಗಾರ ಬೇಡುತ್ತಾನೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಮ್ಮನ್ನು ಶೋಧನೆಗೆ ಒಳಪಡಿಸಬೇಡ ಎಂದು ನಾವೇ ಬೇಡುತ್ತೇವೆ. ಹುಡುಕಿ ನೋಡುವುದಕ್ಕೂ ಸೈತಾನನ ಆಮಿಷಕ್ಕೂ ಒಂದೇ ಪದ. ನನ್ನ ಮಟ್ಟಿಗೆ ಇದು ಎಚ್ಚರಿಕೆಯ ಮಾತು. ನಮ್ಮನ್ನು ನಾವೇ ಕೆದಕುತ್ತಾ ಕೂತರೆ ಆ ಕೆದಕುವಿಕೆಯೇ ಒಂದು ಶೋಧನೆಯಾಗಿಬಿಡಬಹುದು.

ಹಾಗೆ ಆದದ್ದೂ ಉಂಟು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡ ಯೋಧ, ಮುಂದೆ ಜೆಸ್ವಿಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ, ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿದ್ದಾಗ ತನ್ನ ಹಳೆಯ ಪಾಪಗಳನ್ನೆಲ್ಲ ಬರೆದು ಪಾದ್ರಿಯ ಬಳಿ ಪಾಪನಿವೇದನೆ ಮಾಡಿದ. ಆದರೂ ಸಮಾಧಾನವಿಲ್ಲ. ಏನೋ ಬಿಟ್ಟುಹೋಯಿತು ಎಂದು ಮತ್ತೆ ಮತ್ತೆ ಹೋದ. ಒಂದು ವಾರ ಉಪವಾಸ ಕೂತ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದುಹೋಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೊನೆಗೆ, ಹಿಂದಿನ ಪಾಪಗಳನ್ನು ಇನ್ನು ಮರಳಿ ಎತ್ತುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಬಿಡುಗಡೆ ಸಿಕ್ಕಿತು. ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಮೊದಲು ಜರ್ಮನಿಯ ಎರ್ಫರ್ಟ್ ಮಠದಲ್ಲಿ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೂಡ ಇದೇ ಸಂಕಟದಲ್ಲಿದ್ದ. ಗಂಟೆಗಟ್ಟಲೆ ನಿವೇದನೆ ಮಾಡಿ ಹೊರಗೆ ಬಂದರೆ ಮತ್ತೊಂದು ನೆನಪಾಗುತ್ತಿತ್ತು. ನಿನ್ನನ್ನು ನೋಡಿಕೊಳ್ಳುವುದು ಬಿಡು, ಕ್ರಿಸ್ತನ ಗಾಯಗಳನ್ನು ನೋಡು ಎಂದು ಹಿರಿಯರಾದ ಸ್ಟೌಪಿಟ್ಸ್ ಅವನನ್ನು ತಿರುಗಿಸಿದರು.

ಮುಂದೆ ಈ ಇಬ್ಬರ ಅನುಯಾಯಿಗಳು ಎದುರುಬದುರಾಗಿ ನಿಂತರು. ಮಂಗಳೂರಿಗೆ ಪ್ರೊಟೆಸ್ಟೆಂಟರಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದು ಬಲ್ಮಠದ ಗುಡ್ಡದಲ್ಲಿ ನೆಲೆಯಾದರು, ಜೆಸ್ವಿಟರು 1878ರ ಕೊನೆಯಲ್ಲಿ ಬಂದು ಹತ್ತಿರದ ಮತ್ತೊಂದು ಗುಡ್ಡದಲ್ಲಿ ಕಾಲೇಜು ಕಟ್ಟಿದರು. ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವಳು. ಆದರೂ ಕೆಳಗಿನ ಕ್ರಮದ ಎಲುಬುಗೂಡು ಇಗ್ನೇಷಿಯಸ್ ಅವರದ್ದು, ಅದಕ್ಕೆ ರಕ್ತ ಹರಿಸಿದ್ದು ಲೂಥರ್ ಒತ್ತಿಹೇಳಿದ ಕೃಪೆ. ಇಬ್ಬರಿಗೂ ನಾನು ಋಣಿ.

ಸಿದ್ಧತೆ

ಹದಿನೈದು ನಿಮಿಷ ಸಾಕು. ಅರ್ಧ ಗಂಟೆಗಿಂತ ಹೆಚ್ಚು ಬೇಡ. ಪಾತ್ರೆ ತೊಳೆದು, ಬಾಗಿಲು ಹಾಕಿ, ಮಲಗುವ ಮುಂಚೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುವುದು ನನ್ನ ರೂಢಿ. ಪಾಳಿಯ ಕೆಲಸದಲ್ಲಿರುವವರು ಬಸ್ಸಿನಲ್ಲೂ ಮಾಡಬಹುದು. ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ನು ಇರಲಿ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಇದೊಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು, ಯಾಕೆಂದರೆ ಇನ್ನೊಬ್ಬರ ಮಗಳ ನಿಶ್ಚಿತಾರ್ಥದ ಫೋಟೋ ನೋಡಿದ ಮೇಲೆ ಸರಿಯಾಗಿ ಆತ್ಮಪರೀಕ್ಷೆ ಮಾಡಿಕೊಂಡ ಮನುಷ್ಯರನ್ನು ನಾನು ಇನ್ನೂ ನೋಡಿಲ್ಲ.

ಹೆಜ್ಜೆ 1: ಸ್ತೋತ್ರದಿಂದ ಆರಂಭಿಸಿ

ಇಗ್ನೇಷಿಯಸ್ ಅವರ ಐದು ಅಂಶಗಳ ಕ್ರಮದಲ್ಲಿ ಮೊದಲನೆಯದು ಪಾಪದ ಲೆಕ್ಕವಲ್ಲ, ಪಡೆದ ಉಪಕಾರಗಳಿಗೆ ವಂದನೆ. ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಆ ದಿನದ ಮೂರು ಉಪಕಾರಗಳನ್ನು ಬರೆಯಿರಿ, ಅವು ಸಣ್ಣವಿರಲಿ, ನಿರ್ದಿಷ್ಟವಾಗಿರಲಿ. "ಕುಟುಂಬಕ್ಕಾಗಿ ಸ್ತೋತ್ರ" ಎಂದು ಬರೆದರೆ ಕೈ ಬರೆಯುತ್ತದೆ, ಮನಸ್ಸು ಅಲ್ಲಿರುವುದಿಲ್ಲ. "ಮಧ್ಯಾಹ್ನ ಕರೆಂಟು ಹೋದಾಗ ಪಕ್ಕದ ಮನೆಯವರು ತಣ್ಣೀರು ಕಳಿಸಿದರು" ಎಂದು ಬರೆದರೆ ಆ ಲೋಟ ಕಣ್ಣೆದುರು ಬರುತ್ತದೆ.

139ನೇ ಕೀರ್ತನೆಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ನನ್ನನ್ನು ಪರೀಕ್ಷಿಸು ಎಂಬ ಬೇಡಿಕೆ ಬರುವುದು 23ನೇ ವಚನದಲ್ಲಿ. ಅದಕ್ಕೂ ಮುಂಚೆ, 14ನೇ ವಚನದಲ್ಲಿ, ನೀನು ನನ್ನನ್ನು ಅದ್ಭುತವಾಗಿ ರಚಿಸಿದ್ದಕ್ಕೆ ಸ್ತೋತ್ರ ಎನ್ನುತ್ತಾನೆ. ಇನ್ನೂ ಹಿಂದೆ ಹೋದರೆ ಕೀರ್ತನೆಯ ಮೊದಲ ಸಾಲೇ, ನೀನು ನನ್ನನ್ನು ಈಗಾಗಲೇ ಪರೀಕ್ಷಿಸಿ ತಿಳಿದಿದ್ದೀ ಎಂದು ಹೇಳುತ್ತದೆ. ದೇವರಿಗೆ ನಮ್ಮ ಬಗ್ಗೆ ಹೊಸದಾಗಿ ಗೊತ್ತಾಗಬೇಕಾದದ್ದು ಏನೂ ಇಲ್ಲ. ಗೊತ್ತಿದ್ದೂ ತಾಯಿಯ ಗರ್ಭದಿಂದಲೇ ಕೈಬಿಡದವನ ಮುಂದೆ ಬಿಚ್ಚಿಡುತ್ತಿದ್ದೇವೆ. ಆ ಧೈರ್ಯ ಬರುವವರೆಗೂ ಮೊದಲ ಹೆಜ್ಜೆಯಲ್ಲೇ ಇರಿ. ಕೆಲವು ರಾತ್ರಿ ನಾನು ಇಲ್ಲಿಂದ ಮುಂದೆ ಹೋಗುವುದೇ ಇಲ್ಲ.

ಹೆಜ್ಜೆ 2: ಬೆಳಕು ಕೇಳಿ

ನಮ್ಮ ಅಜ್ಜಿ ಅಕ್ಕಿಯ ಕಲ್ಲು ಆರಿಸಲು ಕೂರುತ್ತಿದ್ದದ್ದು ಹೊಸ್ತಿಲ ಬಳಿ, ಬೆಳಗಿನ ಬಿಸಿಲು ಮೊರದ ಮೇಲೆ ಬೀಳುವ ಹಾಗೆ. ಮೊರವನ್ನು ಒಂದು ಸಲ ಮೆಲ್ಲಗೆ ಕೊಡವಿ, ಅಕ್ಕಿಯನ್ನು ತೆಳುವಾಗಿ ಹರಡಿ, ಬೆರಳ ತುದಿಯಿಂದ ಸಾಲುಸಾಲಾಗಿ ಸರಿಸುತ್ತಾ ಹೋಗುವರು. ಸಂಜೆ ಹೊತ್ತು ಯಾರಾದರೂ ಅಕ್ಕಿ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. "ಕತ್ತಲಲ್ಲಿ ಆರಿಸಿದ್ರೆ ಕಲ್ಲೂ ಉಳಿಯತ್ತೆ, ಅಕ್ಕೀನೂ ಹೋಗತ್ತೆ ಮಗಾ" ಎನ್ನುತ್ತಿದ್ದರು.

ನಮ್ಮ ಮನಸ್ಸೇ ನಮಗೆ ದೀಪ ಎಂದುಕೊಂಡರೆ ಆಗುವುದು ಅದೇ. ಮನಸ್ಸು ಕೆಲವು ದಿನ ವಿಪರೀತ ಉದಾರಿ, ಕೆಲವು ದಿನ ವಿಪರೀತ ಕ್ರೂರಿ. ಪೌಲನು ಕೊರಿಂಥದವರಿಗೆ ಬರೆಯುವಾಗ ನನ್ನನ್ನು ನಾನೇ ವಿಚಾರಣೆ ಮಾಡಿಕೊಳ್ಳುವುದಿಲ್ಲ, ವಿಚಾರಣೆ ಮಾಡುವವನು ಕರ್ತನೇ ಎಂದದ್ದು ಇದಕ್ಕೇ. ಪ್ರಾರ್ಥನೆ ಉದ್ದ ಬೇಡ. "ಕರ್ತನೇ, ನೀನು ನೋಡುವ ಹಾಗೆ ಈ ದಿನವನ್ನು ನನಗೆ ತೋರಿಸು" ಎಂದರೆ ಸಾಕು.

ಹೆಜ್ಜೆ 3: ದಿನವನ್ನು ಗಂಟೆಗಂಟೆಯಾಗಿ ನೋಡಿ

ಬೆಳಗ್ಗೆ ಎದ್ದಾಗಿನಿಂದ ಆರಂಭಿಸಿ. ತೀರ್ಪು ಕೊಡಬೇಡಿ, ಸುಮ್ಮನೆ ನೋಡುತ್ತಾ ಬನ್ನಿ. ಎಲ್ಲಿ ಮನಸ್ಸು ಹಗುರಾಯಿತು? ಎಲ್ಲಿ ಎದೆ ಬಿಗಿಯಾಯಿತು? ಯಾರ ಹೆಸರು ಬಂದಾಗ ಮುಖ ಗಂಟಿಕ್ಕಿತು? ಬಿಗಿಯಾದ ಜಾಗದಲ್ಲಿ ನಿಂತು, ಇದರ ಕೆಳಗೆ ಏನಿದೆ ಎಂದು ಕೇಳಿ. ಸಿಕ್ಕ ಉತ್ತರದ ಕೆಳಗೆ ಏನಿದೆ ಎಂದು ಇನ್ನೊಮ್ಮೆ ಕೇಳಿ.

ಹೇಳಿದರೆ ಅರ್ಥವಾಗುವುದು ಕಷ್ಟ, ಹಾಗಾಗಿ ನನ್ನದೇ ಒಂದು ದಿನವನ್ನು ತೋರಿಸುತ್ತೇನೆ. ಮಗನ ಪ್ರಥಮ ಪಿಯುಸಿ ಫಲಿತಾಂಶ ಬಂದ ದಿನ. 71 ಪರ್ಸೆಂಟ್. ಅವನು ಖುಷಿಯಾಗಿಯೇ ಇದ್ದ. ಸಂಜೆ ಆರಕ್ಕೆ ಸಭೆಯ ಒಬ್ಬರು ಫೋನ್ ಮಾಡಿ ತಮ್ಮ ಮಗಳಿಗೆ 94 ಬಂತು, ಸ್ತೋತ್ರ ಕೂಟ ಇಟ್ಟಿದ್ದೇವೆ ಬನ್ನಿ ಎಂದರು. ಏಳು ಗಂಟೆಗೆ ಅವನು ಷೂ ಬಿಚ್ಚಿ ಬಾಗಿಲಲ್ಲೇ ಬಿಟ್ಟಿದ್ದಕ್ಕೆ ನಾನು ಕೂಗಾಡಿದೆ. ಷೂವಿನಿಂದ ಶುರುವಾದದ್ದು ಮಾರ್ಕ್ಸಿಗೆ ಬಂತು. ಅವನು ತಟ್ಟೆಯ ಮುಂದಿಂದ ಅರ್ಧ ಊಟಕ್ಕೇ ಎದ್ದುಹೋದ.

ರಾತ್ರಿ ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು: "ಕೋಪ." ಅದರ ಕೆಳಗೆ ಏನು? ಷೂ ಅಲ್ಲವೇ ಅಲ್ಲ. "ಹೊಟ್ಟೆಕಿಚ್ಚು" ಎಂದು ಬರೆಯಲು ಪೆನ್ನು ತಡೆಯಿತು, ಆದರೂ ಬರೆದೆ. ಅದರ ಕೆಳಗೆ? ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಪದವೀಧರರು. ನನ್ನ ಡಿಗ್ರಿ ಅರ್ಧಕ್ಕೆ ನಿಂತದ್ದಕ್ಕೇ ಮಗ ಹಿಂದುಳಿದ ಎಂದು ಅವರು ಅಂದುಕೊಳ್ಳುತ್ತಾರೆ ಎಂಬ ಭಯ. ಯಾರೂ ಹಾಗೆ ಅಂದಿರಲಿಲ್ಲ. ಮೂರು ಸಾಲು ಕೆಳಗಿಳಿದ ಮೇಲೆ ನನ್ನ ಕೈಗೆ ಸಿಕ್ಕದ್ದು ಇಪ್ಪತ್ತು ವರ್ಷದ ಹಳೆಯ ನಾಚಿಕೆ. ಅದರ ಬೆಲೆಯನ್ನು ಹುಡುಗ ತೆತ್ತಿದ್ದ.

ಹೆಜ್ಜೆ 4: ಪುಟವನ್ನು ಎರಡು ಭಾಗ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ "ತಿದ್ದಿಕೊಳ್ಳಬೇಕಾದದ್ದು", ಬಲಕ್ಕೆ "ಹೊತ್ತುಕೊಂಡು ನಡೆಯಬೇಕಾದದ್ದು".

ಎಡಕ್ಕೆ ಬರುವುದು ನಾವು ಆರಿಸಿಕೊಂಡು ಮಾಡಿದ್ದು, ಆಡಿದ್ದು, ಮಾಡದೆ ಬಿಟ್ಟದ್ದು: ಸುಳ್ಳು, ಚುಚ್ಚುಮಾತು, ಕೊಡಬೇಕಾದ ಕೂಲಿಯನ್ನು ನಾಳೆ ಎಂದದ್ದು. ಬಲಕ್ಕೆ ಬರುವುದು ನಮಗೆ ಒದಗಿ ಬಂದದ್ದು: ಮೈಬಣ್ಣ, ಎತ್ತರ, ಹುಟ್ಟಿದ ಮನೆ, ಜಾತಿಯ ಹೆಸರಿನಲ್ಲಿ ತಿಂದ ಅವಮಾನ, ಮದುವೆಯಾಗದಿರುವುದು, ಮಕ್ಕಳಾಗದಿರುವುದು, ಕಾಯಿಲೆ, ಮಾತು ಕಡಿಮೆ ಇರುವ ಸ್ವಭಾವ. ಇವು ಯಾವುವೂ ಪಾಪವಲ್ಲ. ಇವನ್ನು ಪಾಪದ ಹಾಗೆ ಅರಿಕೆ ಮಾಡಿದರೆ ಕ್ಷಮೆ ಸಿಕ್ಕ ಭಾವನೆ ಎಂದಿಗೂ ಬರುವುದಿಲ್ಲ, ಯಾಕೆಂದರೆ ಕ್ಷಮಿಸಲು ಅಲ್ಲಿ ಏನೂ ಇಲ್ಲ.

ನನ್ನ ಆ ದಿನದ ಪುಟದಲ್ಲಿ ಕೋಪವೂ ಹೊಟ್ಟೆಕಿಚ್ಚೂ ಎಡಕ್ಕೆ ಹೋದವು. ಅರ್ಧಕ್ಕೆ ನಿಂತ ಓದು ಬಲಕ್ಕೆ. ಅಪ್ಪನಿಗೆ ಪಾರ್ಶ್ವವಾಯು ಬಡಿದ ವರ್ಷ ಅದು, ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಇರಲಿಲ್ಲ.

ತೊಡಕು ಬರುವುದು ಸ್ವಭಾವದ ವಿಷಯದಲ್ಲಿ. "ನಾನು ಸ್ವಲ್ಪ ಮುಂಗೋಪಿ" ಎನ್ನುವವರು ಅದನ್ನು ಬಲಕ್ಕೆ ಬರೆಯಲು ಆಸೆಪಡುತ್ತಾರೆ. ಗೊಂದಲವಾದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಯಾರಿಗಾದರೂ ನೋವಾಗುತ್ತಿದೆಯೇ, ಆ ನೋವನ್ನು ನಾನು ನಿಲ್ಲಿಸಬಲ್ಲೆನೇ? ಹೌದಾದರೆ ಎಡಕ್ಕೆ. ಬೇಗ ಬಿಸಿಯಾಗುವ ಮೈ ಹುಟ್ಟಿನಿಂದ ಬಂದದ್ದಿರಬಹುದು. ತಟ್ಟೆಯ ಮುಂದೆ ಕೂತ ಮಗನ ಮೇಲೆ ಕೂಗಿದ ಬಾಯಿ ನನ್ನದೇ. ಇದರ ವಿರುದ್ಧದ ತಪ್ಪೂ ನಡೆಯುತ್ತದೆ, ಅದನ್ನು ಒತ್ತಿ ಹೇಳಬೇಕು. ಗಂಡನ ಕೈಯಲ್ಲಿ ಹೊಡೆತ ತಿನ್ನುವ ಹೆಂಗಸು ಅದನ್ನು "ಹೊತ್ತುಕೊಂಡು ನಡೆಯಬೇಕಾದದ್ದು" ಎಂದು ಬರೆದುಕೊಳ್ಳಕೂಡದು. ಅದು ಇನ್ನೊಬ್ಬನ ಎಡಭಾಗಕ್ಕೆ ಸೇರಿದ ಪಾಪ. ಅದನ್ನು ಸಹಿಸುವುದೇ ತೃಪ್ತಿ ಎಂದು ಯಾರಾದರೂ ವಚನ ಹಿಡಿದು ಬೋಧಿಸಿದರೆ ನಂಬಬೇಡಿ, ಸಹಾಯ ಕೇಳಿ.

ಹೆಜ್ಜೆ 5: ಎಡಭಾಗವನ್ನು ಅರಿಕೆಮಾಡಿ, ಮುಗಿಸಿ

ಹೆಸರು ಹೇಳಿ ಅರಿಕೆಮಾಡಿ. "ನಾನು ಮಹಾಪಾಪಿ" ಎನ್ನುವುದು ಸುಲಭ, "ಮಗನ ಮುಂದೆ ಹೊಟ್ಟೆಕಿಚ್ಚಿನಿಂದ ಸುಳ್ಳು ಕೋಪ ತೋರಿಸಿದೆ" ಎನ್ನುವುದು ಕಷ್ಟ. ಕಷ್ಟದ್ದನ್ನೇ ಹೇಳಿ. ಕಥೋಲಿಕರು ಇದನ್ನು ಪಾಪನಿವೇದನೆಗೆ ಒಯ್ಯುತ್ತಾರೆ. ನಮ್ಮವರಲ್ಲಿ ನಂಬಿಗಸ್ತರಾದ ಒಬ್ಬ ಹಿರಿಯರ ಬಳಿ ಬಾಯಿಬಿಟ್ಟು ಹೇಳುವ ರೂಢಿ ಕಡಿಮೆಯಾಗಿದೆ, ಅದು ನಷ್ಟವೇ.

ಆಮೇಲೆ ಸರಿಪಡಿಸಬೇಕಾದದ್ದನ್ನು ಸರಿಪಡಿಸಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಅತ್ತು ಕೂರಲಿಲ್ಲ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಲೆಕ್ಕ ಹೇಳಿದ. ಮರುದಿನ ಬೆಳಗ್ಗೆ ನಾನು ಮಗನಿಗೆ, "ನಿನ್ನೆ ನಿಂದೇನೂ ತಪ್ಪಿರಲಿಲ್ಲ ಕಣೋ, ನಾನು ಬೇರೆಯವರ ಮೇಲಿನ ಉರಿ ನಿನ್ನ ಮೇಲೆ ತೀರಿಸಿಕೊಂಡೆ" ಎಂದೆ. ಅವನು "ಸರಿ ಬಿಡಮ್ಮ" ಎಂದು ದೋಸೆ ಕೇಳಿದ. ತಂಗಿಯ ವಿಷಯ ಅಷ್ಟು ಸುಲಭವಿರಲಿಲ್ಲ. ಚೀಟಿ ಸುಟ್ಟ ಆ ಲೆಂಟಿನ ಕೊನೆಗೆ, ಶುಭಶುಕ್ರವಾರದ ರಾತ್ರಿ, ನಂಬರು ಒತ್ತಿ ಎರಡು ಸಲ ಕತ್ತರಿಸಿದೆ. ಮೂರನೆಯ ಸಲ ರಿಂಗಾಗುವ ಮೊದಲೇ ಎತ್ತಿದಳು. ನಾನು ಸಿದ್ಧಮಾಡಿಕೊಂಡಿದ್ದ ಮಾತು ಗಂಟಲಲ್ಲೇ ಉಳಿಯಿತು. "ಅಕ್ಕಾ, ಊಟ ಆಯ್ತಾ?" ಎಂದಳು. ಪಾಲಿನ ವ್ಯಾಜ್ಯ ಇನ್ನೂ ಪೂರ್ತಿ ತೀರಿಲ್ಲ. ಮಾತು ಮಾತ್ರ ನಿಂತಿಲ್ಲ.

ಅರಿಕೆ ಮಾಡಿದ ಮೇಲೆ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ. ಪಾಪಗಳನ್ನು ಅರಿಕೆ ಮಾಡಿದರೆ ಆತನು ಕ್ಷಮಿಸುವನು ಎಂಬ ಯೋಹಾನನ ಮಾತಿಗೆ ಸಹಿ ಹಾಕಿದ ಹಾಗೆ. ಪೇತ್ರನೂ ಯೂದನೂ ಒಂದೇ ರಾತ್ರಿ ಗುರುವಿಗೆ ದ್ರೋಹ ಮಾಡಿದರು, ಇಬ್ಬರೂ ಪಶ್ಚಾತ್ತಾಪಪಟ್ಟರು. ಕರ್ತನು ತಿರುಗಿ ಪೇತ್ರನನ್ನು ನೋಡಿದನು ಎಂದು ಲೂಕನು ಬರೆಯುತ್ತಾನೆ. ಪೇತ್ರ ಆ ನೋಟದ ಕೆಳಗೆ ಅತ್ತ. ಯೂದನು ತನ್ನ ತಪ್ಪಿನ ಜೊತೆ ಒಬ್ಬಂಟಿಯಾಗಿ ಹೊರಟುಹೋದ.

ಹೆಜ್ಜೆ 6: ಬಲಭಾಗದ ಜೊತೆ ಬದುಕಲು ಕಲಿಯಿರಿ

ಫಿಲಿಪ್ಪಿಯವರಿಗೆ ಪತ್ರ ಬರೆಯುವಾಗ ಪೌಲ ಸೆರೆಯಲ್ಲಿದ್ದ. ಆ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವಿಗೆ ವಂದನೆ ಹೇಳುತ್ತಾ, ಇದ್ದ ಸ್ಥಿತಿಯಲ್ಲಿ ಸಂತುಷ್ಟನಾಗಿರುವುದನ್ನು ಕಲಿತಿದ್ದೇನೆ ಎನ್ನುತ್ತಾನೆ. ಕಲಿತಿದ್ದೇನೆ ಎಂಬ ಮಾತನ್ನು ಗಮನಿಸಿ. ಹುಟ್ಟಿನಿಂದ ಬಂದದ್ದಲ್ಲ, ಒಂದು ರಾತ್ರಿಯ ಉಜ್ಜೀವನ ಕೂಟದಲ್ಲಿ ಸಿಕ್ಕಿದ್ದೂ ಅಲ್ಲ. ಅವನು ಬಳಸುವ ಗ್ರೀಕ್ ಪದ, ಔತಾರ್ಕೆಸ್, ಆ ಕಾಲದ ಸ್ಟೋಯಿಕ್ ತತ್ವಜ್ಞಾನಿಗಳಿಗೆ ಪ್ರಿಯವಾದದ್ದು: ಯಾರ ಹಂಗೂ ಇಲ್ಲದೆ ತನಗೆ ತಾನೇ ಸಾಕಾಗಿರುವವನು ಎಂದು ಅರ್ಥ. ಪೌಲ ಅದನ್ನು ತೆಗೆದುಕೊಂಡು, ಎರಡೇ ವಚನದ ಆಚೆ, ನನ್ನನ್ನು ಬಲಪಡಿಸುವಾತನಲ್ಲಿ ಎಂದು ಸೇರಿಸುತ್ತಾನೆ. ಅವನಿಗೆ ಸಾಕೆನಿಸಿದ್ದು ತಾನಲ್ಲ.

ಹಾಗಾಗಿ ಬಲಭಾಗದ ಸಾಲುಗಳನ್ನು ಇಷ್ಟಪಡಲೇಬೇಕೆಂದಿಲ್ಲ. ತೆಗೆದುಬಿಡು ಎಂದು ಬೇಡುವುದೂ ತಪ್ಪಲ್ಲ. ಶರೀರದಲ್ಲಿ ನಾಟಿದ ಮುಳ್ಳಿನ ವಿಷಯ ಪೌಲನೇ ಮೂರು ಸಲ ಬೇಡಿದ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಮುಳ್ಳು ಯಾವುದೆಂದು ಅವನು ಹೇಳಲಿಲ್ಲ, ಅದರಿಂದ ನಮಗೆಲ್ಲ ಉಪಕಾರವಾಯಿತು. ನಮ್ಮ ನಮ್ಮ ಮುಳ್ಳನ್ನು ಅಲ್ಲಿಟ್ಟು ಓದಬಹುದು. ನಾನು ಮಾಡುವುದಿಷ್ಟು: ವಾರಕ್ಕೆ ಒಂದು ಸಾಲನ್ನು ಮಾತ್ರ ಎತ್ತಿಕೊಂಡು, ಇದನ್ನು ಇಟ್ಟುಕೊಂಡೇ ದೇವರು ನನ್ನ ಮೂಲಕ ಯಾರಿಗಾದರೂ ಏನಾದರೂ ಮಾಡಿದ್ದಾನೆಯೇ ಎಂದು ನೆನಪು ಮಾಡಿಕೊಳ್ಳುತ್ತೇನೆ. ಓದು ಬಿಟ್ಟ ಆ ಮೂರು ವರ್ಷ ಅಪ್ಪನ ಬೆನ್ನಿಗೆ ಒಂದು ಹುಣ್ಣೂ ಆಗದ ಹಾಗೆ ನಾನು ಮಗ್ಗುಲು ಬದಲಿಸಿದ್ದೆ. ಇದು ಇಪ್ಪತ್ತು ವರ್ಷ ನನಗೆ ನೆನಪೇ ಆಗಿರಲಿಲ್ಲ.

ಹೋಲಿಕೆ ಬಂದಾಗ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ತೆರೆಯಿರಿ. ಪೇತ್ರ ತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ವಿಷಯವೇನು ಎಂದು ಕೇಳುತ್ತಾನೆ. ಅದು ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎನ್ನುತ್ತಾನೆ ಕರ್ತನು. ಗಲಾತ್ಯದವರಿಗೂ ಪೌಲ ಹೇಳಿದ್ದು, ಪ್ರತಿಯೊಬ್ಬನೂ ತನ್ನ ಕೆಲಸವನ್ನೇ ಪರೀಕ್ಷಿಸಿಕೊಳ್ಳಲಿ, ಆಗ ಸಂತೋಷಕ್ಕೆ ಇನ್ನೊಬ್ಬನ ಜೊತೆ ಅಳೆದು ನೋಡಬೇಕಾಗುವುದಿಲ್ಲ ಎಂದು.

ಹೆಜ್ಜೆ 7: ನಾಳೆಗೆ ಒಂದೇ ಒಂದು

ಹತ್ತು ತೀರ್ಮಾನ ಬೇಡ. ಒಂದು ದೋಷ, ಒಂದು ವಾರ. ಇಗ್ನೇಷಿಯಸ್ ಇದಕ್ಕಾಗಿ ದಿನಕ್ಕೆ ಎರಡು ಗೆರೆ ಎಳೆದು, ಎಡವಿದಷ್ಟು ಸಲ ಚುಕ್ಕೆ ಇಡಲು ಕಲಿಸಿದರು. ಎಡವಿದ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಿ, ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅವರ ಸಲಹೆಯೇ. ನನಗೆ ಚುಕ್ಕೆಗಿಂತ ಈ ಕೈ ಹೆಚ್ಚು ಸಹಾಯ ಮಾಡಿದೆ.

ಯಾವಾಗ ನಿಲ್ಲಿಸಬೇಕು

ಅದೇ ಪಾಪವನ್ನು ಮೂರನೆಯ ಸಲ ಅರಿಕೆ ಮಾಡುತ್ತಿದ್ದರೆ, ಪುಟ ಮುಚ್ಚಿದ ಮೇಲೂ ನಿದ್ದೆ ಬಾರದೆ ಮತ್ತೆ ತೆರೆಯುತ್ತಿದ್ದರೆ, ಆ ವಾರ ನೋಟ್‌ಬುಕ್ ಮುಟ್ಟಬೇಡಿ. ಸ್ತೋತ್ರದ ಹೆಜ್ಜೆಯನ್ನಷ್ಟೇ ಮಾಡಿ. ನಮ್ಮ ಹೃದಯ ನಮ್ಮನ್ನು ದೋಷಿಗಳೆಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಇದು ಯೋಹಾನನ ಮೊದಲ ಪತ್ರದ ಮಾತು. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ವಿಶ್ವಾಸದ ಕೊರತೆ ಎಂದುಕೊಳ್ಳದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕರ್ತನ ಭೋಜನಕ್ಕೆ ಮುಂಚಿನ ಶನಿವಾರ

ನಮ್ಮ ಸಭೆಗಳಲ್ಲಿ ಆತ್ಮಪರೀಕ್ಷೆ ಎಂದರೆ ಹೆಚ್ಚಾಗಿ ನೆನಪಾಗುವುದು ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಅದನ್ನು ಕೇಳಿ ಪೌಲ ಸಿಟ್ಟಿನಿಂದ ಬರೆದ ಭಾಗದಲ್ಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಎಂಬ ಮಾತು ಬರುತ್ತದೆ. ಆದ್ದರಿಂದ ಆ ಶನಿವಾರ ರಾತ್ರಿ ಒಂದು ಪ್ರಶ್ನೆ ಹೆಚ್ಚಿಗೆ ಸೇರಿಸಿಕೊಳ್ಳಿ: ಸಭೆಯಲ್ಲಿ ನಾನು ಯಾರನ್ನು ಕಂಡೂ ಕಾಣದ ಹಾಗೆ ಇದ್ದೇನೆ? ಭಾನುವಾರ ಮೊದಲು ಅವರ ಬಳಿ ಹೋಗಿ ಮಾತಾಡಿಸಿ.

ನಮ್ಮಲ್ಲಿ ಒಬ್ಬ ಹಿರಿಯ ತಾಯಿ ವರ್ಷಗಟ್ಟಲೆ ಭೋಜನದ ಹೊತ್ತಿಗೆ ಬೆಂಚಿನಲ್ಲೇ ಉಳಿಯುತ್ತಿದ್ದರು. ನಾನು ಯೋಗ್ಯಳಲ್ಲ ಎನ್ನುವರು. ಒಮ್ಮೆ ಅವರ ಪಕ್ಕ ಕೂತು 1 ಕೊರಿಂಥ 11:28ನ್ನು ಜೊತೆಯಾಗಿ ಓದಿದೆವು. ತನ್ನನ್ನು ಪರೀಕ್ಷಿಸಿಕೊಂಡು ದೂರ ಇರಲಿ ಎಂದು ಅಲ್ಲಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದಿದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಮುಂದಿನ ತಿಂಗಳು ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು, ಎರಡೂ ಕೈ ಜೋಡಿಸಿ ಬೊಗಸೆ ಮಾಡಿಕೊಂಡು.